ಚಿಕ್ಕಮ್ಮನಿಗೆ ಟೆಸ್ಟ್ ಇಲ್ಲದ ಪಾಲಿಸಿ

ಹೋದ ಭಾನುವಾರ ಬೈರಕೂರಿನಲ್ಲಿ ನನ್ನ ಮರ್ಯಾದೆ ಹೋಯಿತು. ಸಂತೋಷದಿಂದಲೇ ಹೇಳುತ್ತಿದ್ದೇನೆ.

ಅಲ್ಲಿ ನನ್ನ ಚಿಕ್ಕಮ್ಮ ಮುನಿರತ್ನಮ್ಮ ಇದ್ದಾರೆ. ವಯಸ್ಸು ಅರವತ್ತೆಂಟು. ಬಿಪಿ ಇದೆ, ಶುಗರ್ ಇದೆ, ಎಡ ಮಂಡಿಗೆ ಆಪರೇಷನ್ ಆಗಬೇಕು ಅಂತ ಕೋಲಾರದ ಡಾಕ್ಟರು ಹೇಳಿಯಾಗಿದೆ. ಅದಕ್ಕೆಂದೇ ಚೀಟಿ ಹಾಕಿ ಕೂಡಿಟ್ಟ ದುಡ್ಡೂ ಇದೆ. ನಾನು ಹೋಗಿದ್ದು ಆ ದುಡ್ಡಿಗೆ ದಾರಿ ತೋರಿಸಲು. (ಬುದ್ಧಿವಂತ ನೋಡಿ.)

ಮೊಬೈಲಿನಲ್ಲಿ ಆರೋಗ್ಯ ವಿಮೆಯ ಒಂದು ಜಾಹೀರಾತು ಬಂದಿತ್ತು. ನರೆಗೂದಲ ದಂಪತಿ ಪಾರ್ಕಿನಲ್ಲಿ ನಗುತ್ತಾ ಓಡುತ್ತಾರೆ. (ಆ ವಯಸ್ಸಿನಲ್ಲಿ ಹಾಗೆ ಓಡುವವರಿಗೆ ವಿಮೆ ಯಾಕೆ?) ಕೆಳಗೆ ದಪ್ಪ ಅಕ್ಷರ: ‘ಅರವತ್ತು ದಾಟಿತೇ? ಮೆಡಿಕಲ್ ಟೆಸ್ಟ್ ಇಲ್ಲ, ಪ್ರಶ್ನೆಗಳಿಲ್ಲ, ಮೊದಲ ದಿನದಿಂದಲೇ ರಕ್ಷಣೆ.’ ಅದರ ಕೆಳಗೆ ಇರುವೆ ಸಾಲಿನಂಥ ಅಕ್ಷರ. ಅದನ್ನು ಯಾರು ಓದುತ್ತಾರೆ? ನಾನೂ ಓದಲಿಲ್ಲ.

“ಟೆಸ್ಟೇ ಇಲ್ಲ ಚಿಕ್ಕಮ್ಮ. ದುಡ್ಡು ಕಟ್ಟಿದ್ರೆ ಆಯ್ತು, ಮಂಡಿ ಆಪರೇಷನ್ ಅವರೇ ಮಾಡಿಸ್ತಾರೆ,” ಅಂದೆ.

ಚಿಕ್ಕಮ್ಮ ಹುಣಸೆಹಣ್ಣು ಬಿಡಿಸುವುದನ್ನು ನಿಲ್ಲಿಸಿದರು. “ಟೆಸ್ಟ್ ಮಾಡ್ದೇನೆ ತಗೊಂತಾರಾ? ಯಾಕಪ್ಪಾ?”

ಇಲ್ಲಿ ಒಂದು ವಿಷಯ ಹೇಳಬೇಕು. ಚಿಕ್ಕಮ್ಮ ಊರಿನ ಡೈರಿಯಲ್ಲಿ ಇಪ್ಪತ್ತು ವರ್ಷ ಹಾಲು ಪರೀಕ್ಷೆ ಮಾಡಿದವರು. ಸ್ವಂತ ಮನೆಯ ಹಸುವಿನ ಹಾಲನ್ನೂ ಲ್ಯಾಕ್ಟೋಮೀಟರ್ ಇಳಿಬಿಡದೆ ಕ್ಯಾನಿಗೆ ಸುರಿಯಲು ಬಿಟ್ಟವರಲ್ಲ. ಒಮ್ಮೆ ಚಿಕ್ಕಪ್ಪ ತಂದ ಹಾಲನ್ನೇ ವಾಪಸ್ ಕಳಿಸಿದ್ದಕ್ಕೆ ಮನೆಯಲ್ಲಿ ಮೂರು ದಿನ ಮಾತಿರಲಿಲ್ಲವಂತೆ.

“ಪರೀಕ್ಷೆ ಮಾಡ್ದೆ ಹಾಲು ಹುಯ್ಸಿಕೊಂಡ್ರೆ ಬಟವಾಡೆ ದಿನ ಜಗಳ ಗ್ಯಾರಂಟಿ. ನಿನ್ ಹಾಲಲ್ಲಿ ನೀರಿತ್ತು ಅಂತಾರೆ ಡೈರಿಯೋರು. ಆಗ ಹಾಲು ಹಾಕ್ದೋರು ಏನು ತೋರ್ಸಾದು? ಫೋನ್ ಮಾಡು ಅವರಿಗೆ,” ಅಂದರು.

ಮಾಡಿದೆ. ಸ್ಪೀಕರ್ ಹಾಕಿದೆ. ಆ ಕಡೆ ಬಹಳ ಮರ್ಯಾದೆಯಿಂದ ಮಾತಾಡುವ ಹುಡುಗಿ.

“ನೋಡು ತಾಯಿ, ನಂಗೆ ಬಿಪಿ ಐತೆ, ಶುಗರ್ ಐತೆ, ಮಂಡಿ ಸವ್ದೈತೆ. ಬರ್ಕೊ,” ಅಂದರು ಚಿಕ್ಕಮ್ಮ.

“ಅದೆಲ್ಲ ಬೇಡ ಅಮ್ಮಾ. ಎಲ್ಲದಕ್ಕೂ ‘ಇಲ್ಲ’ ಅಂತ ಹಾಕ್ತೀವಿ, ಬೇಗ ಆಗುತ್ತೆ.”

“ಇರೋದನ್ನ ಇಲ್ಲ ಅಂತ ಯಾಕಮ್ಮಾ ಹಾಕ್ತೀಯ? ನಾಳೆ ಆಸ್ಪತ್ರೇಲಿ ಸುಳ್ಳು ಹೇಳಿದೋಳು ನಾನಾಗ್ತೀನಿ. ಎಲ್ಲಾ ಬರ್ಕೊಂಡು ಕಾಗದ ಕಳ್ಸು. ಮಂಡಿಗೆ ಯಾವತ್ತಿಂದ ಕೊಡ್ತೀರ ಅಂತಾನೂ ಹಾಕು.”

ಮೊದಲೇ ಇದ್ದ ಕಾಯಿಲೆಗೆ ಮೂರು ವರ್ಷ ಕಾಯಬೇಕು ಮೇಡಂ, ಅಂದಳು ಹುಡುಗಿ. ಆಮೇಲೆ ಲೈನ್ ಕಟ್ಟಾಯಿತು. (ನೆಟ್‌ವರ್ಕ್ ಪೂರ್ತಿ ಇತ್ತು.)

ಕನ್ನಡಕ ಹಾಕಿಕೊಂಡು ಇರುವೆ ಸಾಲಿನಲ್ಲಿ ಹುಡುಕಿದೆ. ಮೂರು ವರ್ಷ ಅಲ್ಲೇ ಕೂತಿತ್ತು. ನಾಚಿಕೆಯಾಯಿತು. ವಾರವಾರ ಈ ಅಂಕಣದಲ್ಲಿ ನಿಮಗೆ ಬುದ್ಧಿ ಹೇಳುವ ನಾನೇ ಚಿಕ್ಕಮ್ಮನ ಮಂಡಿಯ ದುಡ್ಡನ್ನು ಕೈಯಾರೆ ಕೊಟ್ಟು ಬರಲು ಹೊರಟಿದ್ದೆನಲ್ಲ.

ಚಿಕ್ಕಮ್ಮ ಬೈಯಲಿಲ್ಲ. “ಡಾಕ್ಟ್ರ ಹತ್ರ ಡೇಟ್ ತಗೊ, ಹಬ್ಬ ಆದ್ಮೇಲೆ ಮಾಡಿಸ್ಕೊಂತೀನಿ,” ಅಂದು ಮತ್ತೆ ಹುಣಸೆಹಣ್ಣಿಗೆ ಕೈ ಹಾಕಿದರು. ಮುದ್ದೆ, ಅವರೆಕಾಳು ಸಾರು ಹೊಟ್ಟೆ ತುಂಬ ಉಂಡು ಹಗುರ ಮನಸ್ಸಿನಿಂದ ಬಸ್ಸು ಹತ್ತಿದೆ.

ಏನೂ ಕೇಳದೆ ದುಡ್ಡು ತೆಗೆದುಕೊಳ್ಳುವವರು ಕೊಡುವ ದಿನ ಏನೇನು ಕೇಳಬಹುದು ಅಂತ ನಾವು ಯಾಕೆ ಕೇಳುವುದಿಲ್ಲ?