ಗೆರಟೆ ಹಿಡಿದು ಊದಿದ ಟ್ರಂಪೆಟ್

ಹುಣಸೆಹುಳಿ ಹಚ್ಚಿ ಹಿತ್ತಾಳೆ ಉಜ್ಜುವಾಗಿನ ವಾಸನೆ ಮೂಗಿಗೆ ಬಡಿದರೆ ನನಗೆ ಇಂದಿಗೂ ಪುತ್ತೂರಿನ ನಮ್ಮ ಮನೆಯ ಜಗಲಿ ಕಾಣುತ್ತದೆ. ಆ ಮನೆ ಈಗಿಲ್ಲ. ನಿಮಗೂ ಹೀಗೆ ವಾಸನೆಯಲ್ಲಷ್ಟೇ ಉಳಿದ ಮನೆಯೊಂದು ಇರಬಹುದು. ನಮ್ಮ ಆ ಜಗಲಿಯಲ್ಲಿ ಕಾಲು ಚಾಚಿ ಕೂತು ಬಾಪ್ಪು, ಎಂದರೆ ನನ್ನ ಚಿಕ್ಕಪ್ಪ, ತಮ್ಮ ಟ್ರಂಪೆಟ್ ಉಜ್ಜುತ್ತಿದ್ದರು. ಅದರಲ್ಲಿ ನಾನು ನನ್ನ ಸೊಟ್ಟ ಮುಖ ನೋಡಿ ನಗುತ್ತಿದ್ದೆ. ಒಳಗೆ ಅಪ್ಪನ ಸ್ಯಾಕ್ಸೊಫೋನ್. ಒಂಬತ್ತು ಮಂದಿಯ ಬ್ಯಾಂಡಿಗೆ ಅಪ್ಪನೇ ಯಜಮಾನ. ಚರ್ಚಿನ ಹಬ್ಬ, ಮದುವೆ, ಶವದ ಮೆರವಣಿಗೆ, ಎಲ್ಲದಕ್ಕೂ ಅವರೇ. ಆಮೇಲೆ ಎಲ್ಲಿಂದಲೋ ಸಿಕ್ಕಿದ ಜಾಝ್ ಕ್ಯಾಸೆಟ್ಟುಗಳು ಅಪ್ಪನ ತಲೆ ಕೆಡಿಸಿದವು. ಗದ್ದಲ ಕಡಿಮೆಯಾದಷ್ಟೂ ಒಬ್ಬರದ್ದು ಇನ್ನೊಬ್ಬರಿಗೆ ಕೇಳುತ್ತದೆ ಎನ್ನುತ್ತ ಒಂಬತ್ತನ್ನು ಐದು ಮಾಡಿದರು. ಸಂಗೀತ ನಿಜಕ್ಕೂ ಚೆಂದವಾಯಿತು, ಅದನ್ನು ಅಲ್ಲಗಳೆಯಲಾರೆ.

ಬಾಪ್ಪುವಿಗೆ ಮಾತ್ರ ಮೆಲ್ಲಗೆ ಊದುವುದು ಬರುತ್ತಿರಲಿಲ್ಲ. ಇಡೀ ಊರಿಗೆ ಕೇಳುವಂತೆ ಊದಿ ಬೆಳೆದವರು. ಅಪ್ಪ ತೆಂಗಿನ ಗೆರಟೆಯೊಂದನ್ನು ನಯವಾಗಿ ಹೆರೆದು, ಇದನ್ನು ಟ್ರಂಪೆಟ್ಟಿನ ಬಾಯಿಗೆ ಅಡ್ಡ ಹಿಡಿದು ಊದು ಎಂದರು. ಒಂದು ವರ್ಷ ಬಾಪ್ಪು ಹಾಗೆಯೇ ಊದಿದರು. ಉಪ್ಪಿನಂಗಡಿಯ ಮದುವೆಯೊಂದರಲ್ಲಿ ಯಾರೋ, ಎಂತ ಮಾರಾಯ್ರೆ, ಟ್ರಂಪೆಟ್ಟಿಗೆ ಶೀತವಾ ಎಂದು ನಕ್ಕರು. ಬಾಪ್ಪು ಗೆರಟೆ ಕೆಳಗಿಟ್ಟು, ಅಪ್ಪ ಒಬ್ಬರೇ ನುಡಿಸಬೇಕಾದ ಜಾಗದಲ್ಲಿ ಎದೆ ಬಿರಿಯುವಂತೆ ಊದಿಬಿಟ್ಟರು. ಮರುದಿನ ಅಪ್ಪ, “ಇನ್ನು ನೀನು ಬರುದು ಬೇಡ” ಎಂದರು. ಅಣ್ಣತಮ್ಮಂದಿರ ಮಾತು ಅಲ್ಲಿಗೆ ನಿಂತಿತು. ಬಾಪ್ಪು ಹೆಂಡತಿಯ ಊರಾದ ಗುತ್ತಿಗಾರಿಗೆ ಹೋಗಿ ರಬ್ಬರ್ ಟ್ಯಾಪಿಂಗ್ ಕೆಲಸ ಹಿಡಿದರು. ಟ್ರಂಪೆಟ್ ಮತ್ತೆ ಮುಟ್ಟಲಿಲ್ಲವಂತೆ. ಮೂರನೆಯ ವರ್ಷ ಹಾವು ಕಚ್ಚಿ ತೀರಿಕೊಂಡರು.

ಅಪ್ಪ ಸ್ಯಾಕ್ಸೊಫೋನಿನ ಪೆಟ್ಟಿಗೆ ಹಿಡಿದುಕೊಂಡೇ ಬಾಪ್ಪುವನ್ನು ಮಣ್ಣು ಮಾಡಲು ಹೋದರು. ಜೊತೆಗೆ ನಾನೂ ಇದ್ದೆ. ಆಗ ನನಗೆ ಹನ್ನೆರಡು. ಬಾಪ್ಪುವಿನ ಹೆಂಡತಿ ಅಂಗಳದಲ್ಲೇ ತಡೆದರು.

“ನೀವು ನುಡಿಸುದು ಬೇಡ, ಭಾವ. ಸುಳ್ಯದಿಂದ ಬ್ಯಾಂಡಿನವರು ಬಂದಿದ್ದಾರೆ. ನಿಮ್ಮ ತಮ್ಮನಿಗೆ ಇವತ್ತಾದರೂ ಜೋರಾಗಿ ನುಡಿಸುವವರು ಬೇಕು.”

ಅಪ್ಪ ಪೆಟ್ಟಿಗೆ ತೆರೆಯದೆ, ಆ ಗದ್ದಲದ ಹಿಂದೆ ತಲೆತಗ್ಗಿಸಿ ಸ್ಮಶಾನದವರೆಗೆ ನಡೆದರು.

ಮುಂದಿನ ವಾರವೇ, ಮೊದಲೇ ಒಪ್ಪಿಕೊಂಡಿದ್ದ ಒಂದು ಮದುವೆಯಲ್ಲಿ ಅಪ್ಪ ನುಡಿಸಿದರು. ಅಷ್ಟು ಚೆಂದ ಅವರು ಹಿಂದೆಂದೂ ನುಡಿಸಿರಲಿಲ್ಲ. ಊಟಕ್ಕೆ ಕೂತವರೂ ಕೈ ತಡೆದು ಕೇಳಿದರು. ನನಗೆ ಸಿಟ್ಟು ಬಂತು. ತಮ್ಮನನ್ನು ಮಣ್ಣು ಮಾಡಿ ಬಂದು ಹೀಗೆ ನುಡಿಸಲು ಹೇಗೆ ಸಾಧ್ಯವಾಯಿತು ಎಂದು. ಮುಗಿಸಿದ ಮೇಲೆ ಅಪ್ಪ ಅಷ್ಟು ಜನರ ನಡುವೆ ನನ್ನ ಮುಖ ಹುಡುಕಿ ನೋಡಿದರು. ನಾನು ಕೈ ಕಟ್ಟಿಕೊಂಡೇ ಕೂತಿದ್ದೆ. ಈಗ ಅವರೂ ಇಲ್ಲ. ಅವತ್ತು ಒಂದು ಚಪ್ಪಾಳೆ ತಟ್ಟಬಹುದಿತ್ತು.