ಕಸದ ಟ್ರ್ಯಾಕ್ಟರಿಗೆ ಆರತಿ

ನಂಜನಗೂಡಿನ ನಮ್ಮ ಬೀದಿ ಉದ್ಧಾರವಾಗಲು ಶುರುವಾದದ್ದು ತೊಂಬತ್ತರ ದಶಕದ ಕೊನೆಗೆ. ಮೊದಲು ಗಾಜಿನ ಬಾಗಿಲಿನ ಬೇಕರಿ ಬಂತು. ಆಮೇಲೆ ಫ್ಯಾನ್ಸಿ ಸ್ಟೋರ್, ಎಸ್‌ಟಿಡಿ ಬೂತು, ಐಸ್‌ಕ್ರೀಂ ಪಾರ್ಲರ್. ಗಾಜಿನ ಬಾಗಿಲನ್ನು ತಳ್ಳಬೇಕೋ ಎಳೆಯಬೇಕೋ ತಿಳಿಯದೆ ಅರ್ಧ ಊರು ಹೊರಗೇ ನಿಂತು ಪಫ್ ಕೇಳುತ್ತಿತ್ತು. ಹೊಸ ಅಂಗಡಿಯವರೆಲ್ಲ ಸೇರಿ ಒಂದು ಸಮಿತಿ ಮಾಡಿಕೊಂಡರು. ಬೇಕರಿಯವನೇ ಅಧ್ಯಕ್ಷ. ಬನ್ನಿಗೆ ಸಕ್ಕರೆ ಹಾಕಲು ಜಿಪುಣನಾದ ಆಸಾಮಿ ಭಾಷಣಕ್ಕೆ ಮಾತ್ರ ಧಾರಾಳವಾಗಿ ಸುರಿಯುತ್ತಿದ್ದ.

ಅದೇ ಬೀದಿಯಲ್ಲಿ ನನ್ನ ಸೋದರತ್ತೆಯ ಪೂಜೆ ಸಾಮಾನಿನ ಅಂಗಡಿ ಇತ್ತು. ಮಾವನಿಗೆ ಗಲ್ಲಾಪೆಟ್ಟಿಗೆಯ ಮುಂದೆ ಕೂರುವುದಕ್ಕಿಂತ ಇಸ್ಪೀಟಿನ ಮುಂದೆ ಕೂರುವುದು ಹಿತ. ಹಾಗಾಗಿ ಅಂಗಡಿ ಅತ್ತೆಯದೇ. ಒಳಗೆ ಒಬ್ಬರು ಕೂತರೆ ಇನ್ನೊಬ್ಬರು ನಿಲ್ಲುವ ಹಾಗಿಲ್ಲ, ಆದರೆ ಮುಂದೆ ಅಗಲವಾದ ಕಲ್ಲಿನ ಜಗಲಿ. ಸೋಮವಾರ ಕವಲಂದೆ ಕಡೆಯಿಂದ ಬರುವ ಹೆಂಗಸರು ಬಟ್ಟೆ, ಬುತ್ತಿಯ ಗಂಟುಗಳನ್ನು ಅದರ ಮೇಲೆ ಇಳಿಸಿ, "ನೋಡ್ಕಳವ್ವ" ಎಂದು ಹೇಳಿ ಹೊಳೆಗೆ ಹೋಗುತ್ತಿದ್ದರು. ಕಪಿಲೆಯಲ್ಲಿ ಮಿಂದು, ದೇವರ ದರ್ಶನ ಮಾಡಿ ಬಂದು, ಗಂಟು ಬಿಚ್ಚಿ ಅಲ್ಲೇ ಉಣ್ಣುವರು. ಇದಕ್ಕೆ ಕಾಸಿಲ್ಲ, ಚೀಟಿಯಿಲ್ಲ. ಅವರ ಅತ್ತೆಯಂದಿರೂ ಇಲ್ಲೇ ಗಂಟಿಟ್ಟವರು; ಆಗ ಕಾದವಳು ನನ್ನ ಅತ್ತೆಯ ಅತ್ತೆ. ನನ್ನ ಅತ್ತೆಗೂ ಕರ್ಪೂರ ಮಾರುವುದಕ್ಕಿಂತ ಇದೇ ದೊಡ್ಡ ಕೆಲಸ. ಗಂಟು ಇರುವಷ್ಟು ಹೊತ್ತು ಅವಳು ಜಾಗ ಬಿಟ್ಟು ಏಳುತ್ತಿರಲಿಲ್ಲ.

ಕಾಂಕ್ರೀಟ್ ರಸ್ತೆ, ಟೈಲ್ಸಿನ ಫುಟ್‌ಪಾತು ಬಂದಾಗ ಜಗಲಿ ಹೋಯಿತು. ಜನ ನಡೆಯಲೆಂದು ಮಾಡಿದ ಫುಟ್‌ಪಾತಿನ ಮೇಲೆ ಸಮಿತಿಯವರ ಸ್ಕೂಟರುಗಳು ನಿಂತವು. ಜನ ಎಂದಿನಂತೆ ರಸ್ತೆಯಲ್ಲೇ ನಡೆದರು. ಅತ್ತೆ ಜಗಳವಾಡಲಿಲ್ಲ. ಜಗಲಿ ಹೋದರೂ ಜಾಗ ಹೋಗಿಲ್ಲವಲ್ಲ ಎಂದು ಟೈಲ್ಸಿನ ಮೇಲೆ ಒಗೆದ ಗೋಣಿತಾಟು ಹಾಸಿದಳು. ಗಂಟುಗಳು ಅಲ್ಲಿಗೇ ಬಂದವು.

ಆಮೇಲೆ ಸಮಿತಿಯ ಖರ್ಚಿನಲ್ಲಿ ಬೀದಿಗೊಂದು ಕಸದ ಟ್ರ್ಯಾಕ್ಟರು ಬಂತು. ಸೋಮವಾರವೇ ಉದ್ಘಾಟನೆ. ಬಾಳೆಕಂದು, ಚೆಂಡುಹೂವಿನ ಹಾರ, ಮೈಕು. ಮದುವೆ ಗಂಡಿಗೂ ಅಷ್ಟು ಸಿಂಗಾರ ಮಾಡುವುದಿಲ್ಲ. ಆರತಿ ಎತ್ತಲು ಮುತ್ತೈದೆ ಬೇಕೆಂದು ಅಧ್ಯಕ್ಷ ಅತ್ತೆಯ ಬಳಿ ಬಂದನಂತೆ.

"ಗಂಟವೆ ಕಣಪ್ಪ, ಬರಕ್ಕಾಗಕಿಲ್ಲ."

"ಐದ್ ನಿಮ್ಸ ಕಣಕ್ಕ. ಎಲ್ರೂ ಇಲ್ಲೇ ಇರ್ತೀವಿ, ಯಾರ್ ಮುಟ್ಟಾರು?"

ಬೀದಿಯವರ ಮಾತು ತೆಗೆದುಹಾಕಲಾರದೆ ಅತ್ತೆ ತಟ್ಟೆ ಹಿಡಿದು ಹೋದಳು. ನಾನು ಆಗ ಟಿ. ನರಸೀಪುರದಲ್ಲಿ ಮೇಷ್ಟ್ರು, ಬಸ್ಸಿಳಿದು ಬರುವ ಹೊತ್ತಿಗೆ ಜನ ನೆರೆದಿದ್ದರು. ಗುಂಪಿನ ಹಿಂದೆ ನಿಂತವನಿಗೆ ಕಂಡದ್ದು ಹಾರ ಹಾಕಿಕೊಂಡ ಟ್ರ್ಯಾಕ್ಟರಿನ ಮೂತಿ ಮಾತ್ರ; ಮಿಕ್ಕದ್ದು ಆಮೇಲೆ ಕೇಳಿ ತಿಳಿದದ್ದು.

ಭಾಷಣ ಮುಗಿಸಿದ ಮುಖ್ಯ ಅತಿಥಿ, "ಎಲ್ಲಿ, ಕಸ ತುಂಬಿ ತೋರ್ಸಿ, ನೋಡುವಾ" ಎಂದರು. ಕಸವೆಲ್ಲಿ ಬರಬೇಕು? ಅವರು ಬರುತ್ತಾರೆಂದು ಬೆಳಗಿನಿಂದ ಗುಡಿಸಿ ಗುಡಿಸಿ ಬೀದಿಯಲ್ಲಿ ಒಂದು ಹುಲ್ಲುಕಡ್ಡಿಯೂ ಉಳಿದಿರಲಿಲ್ಲ. ಮಹನೀಯರೆಲ್ಲ ಬಗ್ಗಿ ಬಗ್ಗಿ ಕಸ ಹುಡುಕಿದರು. ಕೊನೆಗೆ ಅಧ್ಯಕ್ಷ ಅತ್ತೆಯ ಅಂಗಡಿಯ ಕಡೆ ಕೈ ತೋರಿಸಿದ. ಕೂಲಿಯವರು ಗೋಣಿತಾಟನ್ನು ನಾಲ್ಕೂ ಮೂಲೆ ಹಿಡಿದು ಗಂಟುಗಳ ಸಮೇತ ಎತ್ತಿ ಟ್ರ್ಯಾಕ್ಟರಿನ ಟ್ರೈಲರಿಗೆ ಎಸೆದರು. ಜನ ಚಪ್ಪಾಳೆ ತಟ್ಟಿದರು. ಅತ್ತೆ ಮುಂದೆ ನಿಂತು ಆರತಿ ಎತ್ತುತ್ತಿದ್ದಳು. ಹಿಂದೆ ಏನು ತುಂಬಿದರೆಂದು ಅವಳಿಗೆ ಕಾಣಲಿಲ್ಲ.

ಅತ್ತೆ ಬಂದು ನೋಡಿದರೆ ಟೈಲ್ಸು ಬರಿದು. ಗಂಟುಗಳನ್ನು ಟ್ರ್ಯಾಕ್ಟರಿಗೆ ತುಂಬಿದರೆಂದು ನೋಡಿದವರು ಹೇಳುವ ಹೊತ್ತಿಗೆ ಅದು ಹೊರಟುಹೋಗಿತ್ತು. ಒದ್ದೆ ತಲೆಯ ಹೆಂಗಸರು ಅಷ್ಟರಲ್ಲಿ ಹೊಳೆಯಿಂದ ಬರುತ್ತಿದ್ದರು. ನಾನೂ ಅತ್ತೆಯೂ ಆಟೋ ಹಿಡಿದು ಊರಾಚೆ ಕಸ ಸುರಿಯುವ ಜಾಗಕ್ಕೆ ಓಡಿ, ಗಂಟುಗಳನ್ನು ಎತ್ತಿಕೊಂಡು ಬಂದೆವು.

"ನೋಡಕ್ಕ, ಬ್ಯಾರೆ ಕಸವೇ ಇರ್ಲಿಲ್ಲ. ಒಂಚೂರೂ ಗಲೀಜಾಗಿಲ್ಲ," ಎಂದ ಅಧ್ಯಕ್ಷ. "ಬೇಕಾರೆ ಎಲ್ರಿಗೂ ಒಂದೊಂದ್ ಬನ್ ಕೊಡ್ತೀನಿ."

ಆ ಬನ್ನನ್ನು ಅವನ ಮೂತಿಗೇ ಬೀಸಿ ಹೊಡೆಯಬೇಕೆನಿಸಿತು ನನಗೆ. ಕಸದ ಗಾಡಿ ಹತ್ತಿಳಿದ ಬುತ್ತಿಯನ್ನು ಯಾರು ಉಂಡಾರು? ಹೆಂಗಸರು ರೊಟ್ಟಿ, ಬುತ್ತಿಯನ್ನೆಲ್ಲ ದನಗಳ ಮುಂದೆ ಸುರಿದರು. "ಮನೇಗ್ ಬನ್ರವ್ವ, ಅನ್ನ ಬೇಯಿಸ್ತೀನಿ" ಎಂದು ಅತ್ತೆ ಅಂಗಲಾಚಿದಳು. ಬಸ್ಸಿಗೆ ಹೊತ್ತಾಯಿತೆಂದು ಹೊರಟರು. ಒಬ್ಬರೂ ಒಂದು ಕೆಟ್ಟ ಮಾತು ಆಡಲಿಲ್ಲ. ಆಡಿದ್ದರೆ ಅತ್ತೆ ಆ ರಾತ್ರಿ ಉಣ್ಣುತ್ತಿದ್ದಳೇನೋ.

ಮುಂದಿನ ಸೋಮವಾರ ನಾನು ರಜೆ ಹಾಕಿ ಅಂಗಡಿಗೆ ಹೋದೆ. ಅತ್ತೆ ಡಬ್ಬಗಳನ್ನೆಲ್ಲ ಒತ್ತರಿಸಿ ಒಳಗೇ ಜಾಗ ಮಾಡಿಟ್ಟಿದ್ದಳು. ಆ ಹೆಂಗಸರು ಬಂದರು, ಕುಶಲ ಕೇಳಿದರು, ಎಂದಿಗಿಂತ ಹೆಚ್ಚೇ ಕರ್ಪೂರ ಕೊಂಡರು.

"ಕೊಡ್ರವ್ವ, ಒಳೀಕೇ ಮಡಗ್ತೀನಿ. ನಾನ್ ಬೇಕಾರೆ ಆಚೆ ಕುಂತ್ಕತೀನಿ," ಎಂದು ಅತ್ತೆ ಎರಡೂ ಕೈ ಚಾಚಿದಳು.

ಹಿರಿಯ ಹೆಂಗಸು ನಕ್ಕು, ಗಂಟನ್ನು ಕಂಕುಳಿಗೆ ಇನ್ನಷ್ಟು ಒತ್ತಿಕೊಂಡಳು. "ಬ್ಯಾಡ ಬುಡವ್ವ. ನಿಂಗ್ಯಾಕ್ ತೊಂದ್ರೆ?"

ಚಾಚಿದ್ದ ಆ ಕೈಗೆ ಕರ್ಪೂರದ ಕಾಸು ಹಾಕಿ, ಗಂಟು ಹೊತ್ತುಕೊಂಡೇ ಹೊಳೆಯ ಕಡೆ ನಡೆದರು.