ಎತ್ತುವವರ ಬೆನ್ನು ನೋಡಿದವರು

ನಡೆಯಲಾಗದ ಮಕ್ಕಳ ಕಾಲಿಗೆ ಬಲ ತುಂಬಿದವರು ನಮ್ಮ ಕ್ಷೇತ್ರದಲ್ಲಿ ಅನೇಕರಿದ್ದಾರೆ. ಆ ಮಕ್ಕಳನ್ನು ಹೊತ್ತು ತಂದವರ ಕಡೆ ಕಣ್ಣು ಹಾಯಿಸಿದವರು ವಿರಳ. ಮಕ್ಕಳ ಫಿಸಿಯೋಥೆರಪಿ ವಿಭಾಗದಲ್ಲಿ ಮೂರು ದಶಕಗಳ ಸೇವೆ ಸಲ್ಲಿಸಿ ಈ ತಿಂಗಳು ನಿವೃತ್ತರಾಗುತ್ತಿರುವ ನಮ್ಮ ಹಿರಿಯರು ಅಂಥ ವಿರಳರಲ್ಲಿ ಒಬ್ಬರು.

ಸೊಂಟ ಉಳುಕದಂತೆ ಮಗುವನ್ನು ಎತ್ತುವುದು ಹೇಗೆಂದು ಹೆತ್ತವರಿಗೆ ಕಲಿಸುತ್ತಿದ್ದುದರಿಂದ ಅವರಿಗೆ ‘ಎತ್ತೋ ಮೇಷ್ಟ್ರು’ ಎಂಬ ಹೆಸರು ಬಿತ್ತು. ಅದು ಬಾಯಿಂದ ಬಾಯಿಗೆ ಸವೆದು ‘ಎತ್ತಿನ ಮೇಷ್ಟ್ರು’ ಆದಾಗಲೂ ಅವರು ಮುನಿಯಲಿಲ್ಲ. “ಸರಿಯಾಗೇ ಇದೆ ಬಿಡ್ರಮ್ಮ. ನಾನು ಬರೀ ಮೇಷ್ಟ್ರು, ನೊಗ ಹೊತ್ತ ಎತ್ತುಗಳು ನೀವು” ಎನ್ನುತ್ತಿದ್ದರು. ತಾಯಂದಿರು ನಗುತ್ತಿದ್ದರು.

ನಾನು ಕಿರಿಯಳಾಗಿ ಕೆಲಸಕ್ಕೆ ಸೇರಿದ ವರ್ಷ, ದರ್ಜಿಯೊಬ್ಬರ ಹೆಂಡತಿ ತಮ್ಮ ಹದಿನಾಲ್ಕರ ಮಗನನ್ನು ಬೆನ್ನ ಮೇಲೆ ಹೊತ್ತು ನಮ್ಮಲ್ಲಿಗೆ ಬರುತ್ತಿದ್ದರು. ಹುಡುಗನ ಕೈಕಾಲು ಬಿಗಿದುಕೊಂಡಿದ್ದವು, ಮಾತು ತಡೆದು ತಡೆದು ಬರುತ್ತಿತ್ತು. ನಗು ಮಾತ್ರ ಧಾರಾಳ. ಒಂದು ದಿನ ಮಗನನ್ನು ಚಾಪೆಯ ಮೇಲೆ ಇಳಿಸಿದ ಆಕೆ ಉಸಿರಿಗೆ ತಡಕಾಡುತ್ತ ಗೋಡೆ ಹಿಡಿದು ನಿಂತರು. ಬಾತುಕೊಂಡಿದ್ದ ಅವರ ಪಾದಗಳು ಮೇಷ್ಟ್ರ ಕಣ್ಣಿಗೆ ಬಿದ್ದವು.

“ಎಷ್ಟು ದಿನದಿಂದ ಹೀಗಿದೆಯಮ್ಮ?”

“ನನಗೇನು ಸರ್, ಗುಂಡುಕಲ್ಲು ಇದ್ದ ಹಾಗಿದೀನಿ. ಅವನ ಕಾಲು ನೋಡಿ.”

ಮೇಷ್ಟ್ರು ಆಕೆಯನ್ನು ಕೂರಿಸಿ, ತಾವೇ ಹೋಗಿ ವೈದ್ಯರನ್ನು ಕರೆತಂದರು. ಹೃದಯದ ಕವಾಟ ಕೆಟ್ಟಿತ್ತು, ಆಸ್ಪತ್ರೆಗೆ ಸೇರಲೇಬೇಕಿತ್ತು. ಆಕೆ ಒಪ್ಪಲಿಲ್ಲ. “ನಾನು ಮಲಗಿಬಿಟ್ರೆ ಇವನನ್ನ ಎಬ್ಬಿಸೋರು ಯಾರು? ಇವರಪ್ಪಂಗೆ ಇವನನ್ನ ಮುಟ್ಟೋಕೇ ಭಯ.”

ಅಂದೇ ಸಂಜೆ ಮೇಷ್ಟ್ರು ನನ್ನನ್ನೂ ಕರೆದುಕೊಂಡು ಮೂರನೇ ಮಹಡಿಯಲ್ಲಿದ್ದ ಅವರ ಮನೆಗೆ ಹೋದರು. ಹೊಲಿಗೆ ಯಂತ್ರವನ್ನು ಮೂಲೆಗೆ ಸರಿಸಿ, ದರ್ಜಿಗೆ ಮಗನನ್ನು ಎತ್ತಲು, ಮಗ್ಗುಲು ಬದಲಿಸಲು, ಗಂಟಲಲ್ಲಿ ಸಿಕ್ಕಿಕೊಳ್ಳದಂತೆ ಉಣಿಸಲು ಕಲಿಸತೊಡಗಿದರು. ಅಪ್ಪ ಕೈ ಚಾಚಿ ಮತ್ತೆ ಹಿಂದೆಗೆಯುವುದನ್ನು ಕಂಡ ಹುಡುಗ, “ಅಪ್ಪಾ... ನಾನು... ಹರಿದುಹೋಗಲ್ಲ” ಎಂದ. ತಾಯಿ ಎದೆ ಒತ್ತಿಕೊಂಡೇ ನಕ್ಕರು.

ಆ ಕೈ ಪಳಗಲು ಕೆಲವು ವಾರ ಹಿಡಿಯಿತು. ಯಾರು ಎಷ್ಟು ಬೇಡಿದರೂ ಅಷ್ಟು ದಿನವೂ ಆಕೆ ಆಸ್ಪತ್ರೆ ಸೇರದೆ ಕಾದರು. ಶಸ್ತ್ರಚಿಕಿತ್ಸೆಗೆ ಒಯ್ಯುವಾಗ ಗಂಡನಿಗೆ ಹೇಳಿದ್ದು ಇಷ್ಟೇ: “ಅವನ ಎಡಗೈ ಕೆಳಗೆ ದಿಂಬು ಇಡೋದು ಮರೀಬೇಡಿ.” ಆಕೆ ಮರಳಿ ಬರಲಿಲ್ಲ.

ಅದಾದ ಮೇಲೆ ಮೇಷ್ಟ್ರು ನಮ್ಮ ಕೋಣೆಯಲ್ಲಿ ಒಂದು ಪದ್ಧತಿ ತಂದರು: ಮಗುವನ್ನು ಮುಟ್ಟುವ ಮೊದಲು ಕರೆತಂದವರ ನಾಡಿ, ರಕ್ತದೊತ್ತಡ, ಬೆನ್ನು ನೋಡುವುದು, ನಿದ್ದೆ ಬಂತೇ, ಊಟ ಸೇರಿತೇ, ಅಳು ಬರುತ್ತದೆಯೇ ಎಂದು ಕೇಳುವುದು. ಊಟದ ಪ್ರಶ್ನೆಗೇ ಎಷ್ಟೋ ಜನ ಬಿಕ್ಕಿ ಅತ್ತದ್ದನ್ನು ನಾನು ಕಂಡಿದ್ದೇನೆ. “ಇದು ಮಕ್ಕಳ ವಿಭಾಗ ಕಣ್ರೀ” ಎಂದು ಮೇಲಧಿಕಾರಿಗಳು ಆಕ್ಷೇಪಿಸಿದಾಗ ಮೇಷ್ಟ್ರು ದನಿ ಏರಿಸದೆ ಹೇಳಿದರು: “ಹೌದು ಸರ್. ಈ ಮಕ್ಕಳಿಗೆ ಕಾಲು ಅಂದ್ರೆ ಅವರಮ್ಮನೇ. ನಾನು ಕಾಲಿಗೇ ಚಿಕಿತ್ಸೆ ಮಾಡ್ತಿದೀನಿ.”

ಹುಡುಗ ಈಗ ಮೀಸೆ ಬಂದ ಯುವಕ. ದರ್ಜಿಯ ತಲೆ ಬೆಳ್ಳಗಾಗಿದೆ. ಕಳೆದ ವಾರ ಬೆನ್ನು ತೋರಿಸಲು ಬಂದವರು, ಮಗನಿಗೆ ಕೇಳಿಸದಂತೆ ಮೇಷ್ಟ್ರನ್ನು ಕೇಳಿದರು: “ನಾನೂ ಹೋದ್ಮೇಲೆ?”

ಮೇಷ್ಟ್ರು ಸುಳ್ಳು ಸಮಾಧಾನ ಹೇಳಲಿಲ್ಲ. “ಗೊತ್ತಿಲ್ಲಪ್ಪ” ಎಂದು ಅವರ ಪಕ್ಕದಲ್ಲೇ ಬೆಂಚಿನ ಮೇಲೆ ಕುಳಿತರು. “ಮುಂದಿನ ತಿಂಗಳಿಂದ ನನಗೆ ಬಿಡುವು. ವಾರಕ್ಕೊಂದು ಮಧ್ಯಾಹ್ನ ಮನೆಗೆ ಬಂದು ಇವನ ಜೊತೆ ಇರ್ತೀನಿ. ನೀವು ಮಲಗಿ” ಎಂದರು.

ನಮ್ಮಲ್ಲಿಗೆ ಬರುವ ಹೆತ್ತವರು ತಮಗಾಗಿ ದೀರ್ಘಾಯುಷ್ಯ ಬೇಡುವುದಿಲ್ಲ, ಮಗುವಿಗಿಂತ ಒಂದೇ ದಿನ ಹೆಚ್ಚು ಬೇಡುತ್ತಾರೆ. ಆ ಮೊರೆಯನ್ನು ದಿನವೂ ಕೇಳಿಸಿಕೊಂಡ ಮೇಷ್ಟ್ರಿಗೆ ನೂರು ವರ್ಷ ಬಾಳಿ ಎಂದು ಹಾರೈಸಲು ನನ್ನ ನಾಲಿಗೆ ತಡವರಿಸುತ್ತದೆ. ಆದರೂ ಹಾರೈಸುತ್ತೇನೆ: ಮೇಷ್ಟ್ರ ಮಂಡಿ ಗಟ್ಟಿಯಾಗಿರಲಿ, ದರ್ಜಿಯ ಮನೆಯ ಮೂರು ಮಹಡಿ ಹತ್ತುವ ಉಸಿರು ಅವರಿಗೆ ಬಹುಕಾಲ ಇರಲಿ, ಆ ಮಧ್ಯಾಹ್ನಗಳಲ್ಲಿ ದರ್ಜಿಗೆ ಒಳ್ಳೆಯ ನಿದ್ದೆ ಬರಲಿ.